ಎತ್ತಿಕೊಂಡ್ರೂ ಬೈತಾರ, ಅಳಿಸಿದ್ರೂ ಬೈತಾರ

ಈ ಪ್ರಕರಣದಲ್ಲಿ ಹೆಸರು, ವಯಸ್ಸು, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ. ಬಾಗಲಕೋಟೆ ಮಾತ್ರ ಬಾಗಲಕೋಟೆಯೇ. ಕೂಸು ನೋಡಿಕೊಳ್ಳುವಾಕೆ, ಕೂಸಿನ ತಾಯಿ ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವರನ್ನು ಗೌರವ್ವ ಅಂತ ಕರೆಯೋಣ. ಐವತ್ತರ ಆಸುಪಾಸು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಮನೆ ಹೋದಮೇಲೆ, ಮುಳುಗಡೆಯವರಿಗೆ ಕಟ್ಟಿದ ನವನಗರದ ಒಂದು ಸೆಕ್ಟರಿಗೆ ಬಂದ ಕುಟುಂಬ. ಮೂವರು ಮಕ್ಕಳನ್ನು ಬೆಳೆಸಿದ್ದಾರೆ, ಮೊಮ್ಮಕ್ಕಳನ್ನೂ ಆಡಿಸಿದ್ದಾರೆ. ಈಗ ವಿದ್ಯಾಗಿರಿಯ ಮನೆಯೊಂದರಲ್ಲಿ ಕೂಸು ನೋಡಿಕೊಳ್ಳುವ ಕೆಲಸ. ಗಂಡ ಹೆಂಡತಿ ಇಬ್ಬರೂ ನೌಕರಿಯವರು. ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಗೌರವ್ವ ಬೆಳಿಗ್ಗೆ 8ಕ್ಕೆ ಹೋದರೆ ಸಂಜೆ 7ರ ತನಕ ಅಲ್ಲೇ.

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಆ ಮನೆ ಗೇಟ್ ತೆಗೆಯುವಾಗ ಎದೆ ಡವಡವ ಅನ್ನುತ್ತದಂತೆ. ಡಾಕ್ಟರು ಬಿಪಿ, ಶುಗರ್, ಇಸಿಜಿ ಎಲ್ಲ ನೋಡಿ ಏನೂ ಇಲ್ಲ ಅಂದಿದ್ದರು.

"ಕೂಸಿಂದೇನ ತ್ರಾಸ ಇಲ್ರಿ. ಆ ಮನಿ ರೂಲ್ಸಿಂದ ತ್ರಾಸ. ಎತ್ತಿಕೊಂಡ್ರೂ ಬೈತಾರ, ಅಳಿಸಿದ್ರೂ ಬೈತಾರ. ನಾ ಏನ್ ಮಾಡ್ಲ್ರಿ?"

ರೂಲ್ಸ್ ಅಂದರೆ ಫ್ರಿಜ್ ಮೇಲೆ ಅಂಟಿಸಿದ ಒಂದು ಲ್ಯಾಮಿನೇಟ್ ಹಾಳೆ. ಪೂರ್ತಿ ಇಂಗ್ಲಿಷಿನಲ್ಲಿದೆ. ಗೌರವ್ವ ಓದಿದ್ದು ನಾಲ್ಕನೇ ಇಯತ್ತೆ, ಅದೂ ಕನ್ನಡ. ಮಾಲಕಿ ಮೊದಲ ದಿನ ಬಾಯಲ್ಲಿ ಹೇಳಿದ್ದರು, ಹಾಳೆಯ ಫೋಟೋ ವಾಟ್ಸಾಪಿಗೂ ಕಳಿಸಿದ್ದರು. ಅದನ್ನು ನಾವಿಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. 12.30ಕ್ಕೆ ಊಟ, ಬಟ್ಟಲು ಖಾಲಿ ಆಗಬೇಕು. 1.15ಕ್ಕೆ ನಿದ್ದೆ. ಸಕ್ಕರೆ ಇಲ್ಲ, ಶೇಂಗಾ ಇಲ್ಲ, ಕಾಡಿಗೆ ಇಲ್ಲ. ಟಿವಿ, ಮೊಬೈಲ್ ಇಲ್ಲ. ಮಗು ತುಂಬಾ ಅಳುವಂತಾಗಬಾರದು. ನಿದ್ದೆ ಮಾಡಿಸುವಾಗ ಎತ್ತಿಕೊಂಡು ತಿರುಗಬಾರದು.

ಕೊನೆಯದನ್ನು ಓದಿದಾಗ ಗೌರವ್ವ ನನ್ನನ್ನು ತಡೆದರು. "ನಿದ್ದಿ ಮಾಡ್ಸುವಾಗ ಅಷ್ಟ?" ಅಷ್ಟೇ. ಅವರು ತಿಳಿದುಕೊಂಡಿದ್ದು ಕೂಸನ್ನು ಎತ್ತಲೇಬಾರದು ಅಂತ. ಬಿದ್ದು ಮೊಣಕಾಲು ಕೆತ್ತಿದಾಗಲೂ ಪಕ್ಕದಲ್ಲಿ ಕೂತು ಸಮಾಧಾನ ಮಾಡುತ್ತಿದ್ದರಂತೆ, ಎತ್ತುತ್ತಿರಲಿಲ್ಲ. ಕೂಸು ಕೈ ಚಾಚಿ ಅಳುತ್ತಿತ್ತು. ಅಷ್ಟರಲ್ಲಿ ಕ್ಯಾಮೆರಾ ಮಾತಾಡುತ್ತಿತ್ತು.

ಹೌದು, ಕ್ಯಾಮೆರಾ ಮಾತಾಡುತ್ತದೆ. ಹಾಲ್‌ನಲ್ಲಿರುವ ಕ್ಯಾಮೆರಾದಲ್ಲಿ ಸ್ಪೀಕರ್ ಇದೆ. ಆಫೀಸಿನಿಂದ ತಾಯಿ ಫೋನಿನಲ್ಲೇ ನೋಡಿ "ಯಾಕೆ ಅಳ್ತಾ ಇದಾಳೆ?" ಅಂತ ಕೇಳುತ್ತಾರೆ. ಆ ದನಿ ಕೇಳಿದ ತಕ್ಷಣ ಮಗು ಗೋಡೆ ಕಡೆ ಓಡುತ್ತದೆ, ಕ್ಯಾಮೆರಾ ಕೆಳಗೆ ನಿಂತು ತಲೆ ಎತ್ತಿ "ಅಮ್ಮ, ಅಮ್ಮ" ಅನ್ನುತ್ತದೆ. ಅಮ್ಮ ಬರಲ್ಲ. ಅಳು ಇನ್ನೂ ಜೋರಾಗುತ್ತದೆ. ಆಮೇಲೆ ಗೌರವ್ವನಿಗೆ ಫೋನ್ ಬರುತ್ತದೆ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು, ತಲೆ ತಗ್ಗಿಸಿಕೊಂಡು ಹೇಳಿದರು. ಅಡುಗೆಮನೆಯಲ್ಲಿ ಕ್ಯಾಮೆರಾ ಇಲ್ಲ. ಅಲ್ಲಿ ಮಗುವನ್ನು ಕೂರಿಸಿ ತಮ್ಮ ಮೊಬೈಲಿನಲ್ಲಿ ಹಾಡು ಹಚ್ಚಿ ಬಟ್ಟಲು ಖಾಲಿ ಮಾಡಿಸುತ್ತಿದ್ದರು. ಅದೂ ಆಗದಿದ್ದರೆ ತುತ್ತಿಗೆ ಸ್ವಲ್ಪ ಸಕ್ಕರೆ. ಒಂದು ಸಲ ಶೇಂಗಾ ಕಾಳು. "ನಾವೆಲ್ಲಾ ಶೇಂಗಾ ತಿಂದಽ ಬೆಳದೇವ್ರಿ."

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಪಾಲಿಸಲು ಆಗದ ನಿಯಮವನ್ನು ಯಾರೂ ಎದುರಿಗೆ ಮುರಿಯಲ್ಲ. ಕ್ಯಾಮೆರಾ ಕಾಣದ ಮೂಲೆಯಲ್ಲಿ ಮುರಿಯುತ್ತಾರೆ. ಅದರ ಜೊತೆಗೆ ನಿಜವಾಗಿಯೂ ಬೇಕಾದ ನಿಯಮಗಳೂ ಅಲ್ಲೇ ಮುರಿದುಹೋಗುತ್ತವೆ. ಅಪಾಯ ಮಾತ್ರ ಮಗುವಿಗೆ.

ಹಾಗಾಗಿ ಗೌರವ್ವನಿಗೆ ಮೊದಲು ಹೇಳಿದ್ದು ಕಟುವಾಗಿಯೇ ಇತ್ತು. ಶೇಂಗಾ ಕಾಳಿನ ವಿಷಯದಲ್ಲಿ ಮಾಲಕಿ ಸರಿ, ನೀವು ತಪ್ಪು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಭಯ ಇದೆ. ಸಿಕ್ಕರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಸಿಗದೇ ಹೋಗಬಹುದು. ನುಣ್ಣಗೆ ಪುಡಿ ಮಾಡಿದ ಶೇಂಗಾದ ಮಾತು ಬೇರೆ, ಅಲರ್ಜಿ ಇಲ್ಲ ಅಂತ ಗೊತ್ತಾದರೆ ಮಕ್ಕಳ ಡಾಕ್ಟರನ್ನು ಕೇಳಿ ಕೊಡಬಹುದು. ಬಚ್ಚಲಲ್ಲಿ ಬಕೆಟ್ ತುಂಬಿಡಬಾರದು ಅನ್ನೋದೂ ಹಾಗೇ. ಈ ವಯಸ್ಸಿನ ಮಗು ಮುಳುಗಲಿಕ್ಕೆ ಗೇಣುದ್ದ ನೀರು ಸಾಕು. ಮೊಬೈಲ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ ಅಂತ. ಸಕ್ಕರೆಯೂ ಬೇಡ. ಇವುಗಳಲ್ಲಿ ಚೌಕಾಸಿ ಇಲ್ಲ ಅಂದೆ. ಗೌರವ್ವ ಮುನಿಸಿಕೊಳ್ಳಲಿಲ್ಲ. "ಹಿಂಗಂತ ಯಾರೂ ಹೇಳ್ಲೇ ಇಲ್ರಿ" ಅಂದರು.

ಆದರೆ "ಬಟ್ಟಲು ಖಾಲಿ ಆಗಬೇಕು" ಅನ್ನೋದು ಕೆಟ್ಟ ನಿಯಮ. ಏನು, ಯಾವಾಗ ಕೊಡಬೇಕು ಅನ್ನೋದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು ಅನ್ನೋದು ಮಗುವಿನ ಹೊಟ್ಟೆಗೆ ಗೊತ್ತು. ಅಡುಗೆಮನೆಯ ಮೊಬೈಲ್ ಹುಟ್ಟಿದ್ದೇ ಆ ನಿಯಮದಿಂದ. 1.15ರ ನಿದ್ದೆಯೂ ಅಷ್ಟೇ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಅದು ಗಡಿಯಾರದ ಮುಳ್ಳಿಗೆ ಸರಿಯಾಗಿ ಬರಬೇಕು ಅಂತೇನಿಲ್ಲ.

ಗೌರವ್ವ ಒಪ್ಪಿದ ಮೇಲೆ ತಾಯಿಯನ್ನೂ ಕರೆದೆ. ತಂದೆ ಬರಲಿಲ್ಲ, ಬರುವುದು ಕಡಿಮೆಯೇ. ಆಕೆ ರಾಕ್ಷಸಿಯೇನಲ್ಲ. ಹಿಂದೆ ಇದ್ದ ಕೆಲಸದಾಕೆ ಮಗುವನ್ನು ಟಿವಿ ಮುಂದೆ ಕೂರಿಸಿ ಮಲಗಿಬಿಡುತ್ತಿದ್ದಳಂತೆ. ರಜೆ ಮುಗಿದು ತಾಯಿ ಕೆಲಸಕ್ಕೆ ಹೋಗಲೇಬೇಕು, ಮನಸ್ಸೆಲ್ಲ ಮನೆಯಲ್ಲಿ. ಆ ಹಾಳೆ ಬರೆದದ್ದು ಗೌರವ್ವನನ್ನು ಬಿಗಿಯಲಿಕ್ಕೆ ಅಲ್ಲ, ತನ್ನ ಎದೆಬಡಿತ ತಗ್ಗಿಸಿಕೊಳ್ಳಲಿಕ್ಕೆ.

ಅಡುಗೆಮನೆಯ ಮೊಬೈಲ್, ಸಕ್ಕರೆ, ಶೇಂಗಾ ಕಾಳು ಎಲ್ಲವನ್ನೂ ಗೌರವ್ವನೇ ಹೇಳಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹೇಳಿದರು. ತಾಯಿಯ ಮುಖ ಕೆಂಪಾಯಿತು, ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ, "ನನಗೆ ಯಾಕೆ ಹೇಳ್ಲಿಲ್ಲ?" ಹೇಳಿದರೆ ಕೆಲಸ ಹೋಗುತ್ತದೆ ಅಂತ, ಇನ್ನೇನು.

ತಾಯಿಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಹಾಳೆಯನ್ನು ಕನ್ನಡದಲ್ಲಿ ಬರೆಯಿರಿ, ಪ್ರತಿ ನಿಯಮದ ಪಕ್ಕ ಯಾಕೆ ಅಂತ ಒಂದು ಸಾಲು ಇರಲಿ. ಯಾಕೆ ಅಂತ ಬರೆಯಲು ಆಗದಿದ್ದರೆ ಆ ನಿಯಮ ತೆಗೆಯಿರಿ. ಎರಡು ನಿಯಮ ಒಂದಕ್ಕೊಂದು ಅಡ್ಡ ಬಂದರೆ ಯಾವುದು ಮೇಲು ಅಂತ ಮೊದಲೇ ಹೇಳಿ. ಕ್ಯಾಮೆರಾ ಇಟ್ಟುಕೊಳ್ಳಿ, ಆದರೆ ಅದರಿಂದ ಮಾತಾಡಬೇಡಿ. ಏನಾದರೂ ಕೇಳಬೇಕಿದ್ದರೆ ಗೌರವ್ವನಿಗೆ ಫೋನ್ ಮಾಡಿ. ಮಗುವಿನ ಬಟ್ಟೆ ಇಡುವ ಕೋಣೆಯಲ್ಲಿ ಆಕೆ ಸೀರೆ ಬದಲಿಸುತ್ತಾರೆ, ಅಲ್ಲಿ ಕ್ಯಾಮೆರಾ ಬೇಡವೇ ಬೇಡ.

ಮತ್ತೆ ಊಟ. ಗೌರವ್ವ ಊಟ ಮಾಡುತ್ತಿದ್ದದ್ದು ಮಗು ಮಲಗಿದಾಗ. ಆ ಹೊತ್ತಿನಲ್ಲೇ ಮಗುವಿನ ಬಟ್ಟೆ ತೊಳೆಯುವುದು, ಬಾಟಲಿ ಕುದಿಸುವುದು. ರೊಟ್ಟಿ ಬಾಯಿಗೆ ಹೋಗುವಾಗ ಮೂರೂವರೆ. ಹಸಿದ ಹೊಟ್ಟೆಯಲ್ಲಿ ಚಿಕ್ಕ ಮಗುವಿನ ಹಠ ಸಹಿಸುವುದು ಯಾರಿಂದಲೂ ಆಗದು. ಅರ್ಧ ಗಂಟೆ ಊಟ, ವಿಶ್ರಾಂತಿ ಅದೇ ಹಾಳೆಯಲ್ಲಿ ಬರೆಸಿದೆ.

ಗೌರವ್ವನಿಗೆ ಹೇಳಿಕೊಟ್ಟ ಮಾತು ಒಂದಿದೆ. ಹೊಸ ನಿಯಮ ಬಂದರೆ "ಹೂಂ" ಅಂದು ಸುಮ್ನೆ ಬರಬೇಡಿ, "ಅಕ್ಕಾರ, ಇದು ಯಾಕ ಅಂತ ಹೇಳ್ರಿ, ನೆನಪ ಇಟ್ಕೋತೀನಿ" ಅನ್ನಿ. ಕನ್ನಡಿ ಮುಂದೆ ಅಂದು ನೋಡಿದರಂತೆ, ನಗು ಬಂತಂತೆ. ಮಗು ನೆಲಕ್ಕೆ ಬಿದ್ದು ಹೊರಳಾಡುವಾಗ ನೀವೂ ನೆಲದ ಮೇಲೆ ಕೂತುಬಿಡಿ, ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ. ಎತ್ತಿಕೋ ಅಂತ ಕೈ ಚಾಚಿದರೆ ಎತ್ತಿಕೊಳ್ಳಿ.

ಒಂದು ವಿಷಯ ಹಾಳೆಯಲ್ಲಿ ಇರಲಿಲ್ಲ. ಗೌರವ್ವನ ಚಹಾದ ಲೋಟ ಬೇರೆ, ಕಿಟಕಿಯ ಹೊರಗೆ ಇಡುತ್ತಾರೆ. ಹಾಲ್‌ನಲ್ಲಿ ಬಸವಣ್ಣನ ದೊಡ್ಡ ಫೋಟೋ ಇದೆಯಂತೆ. ಇದು ಮಗು ಸಾಕುವ ನಿಯಮ ಅಲ್ಲ, ಅವಮಾನ. ಹಾಗಂತ ಗೌರವ್ವನಿಗೆ ಸ್ಪಷ್ಟವಾಗಿ ಹೇಳಿದೆ. ಅದನ್ನು ಈಗಲೇ ಎತ್ತುವುದು ಬೇಡ ಅಂದರು. ಅದು ಅವರ ತೀರ್ಮಾನ.

ರಜೆ, ಸಂಬಳದ ಬಗ್ಗೆಯೂ ಕೇಳಿದರು. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದೆ. ವಾರಕ್ಕೆ ಪೂರ್ತಿ ಒಂದು ದಿನ ಬಿಡುವು ಕೊಡಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಪ್ಪಂದ ಮಾಡಿತು, ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಿ, ಈಗಿನ ವೇತನದ ದರ ಕಾರ್ಮಿಕ ಇಲಾಖೆಯಲ್ಲಿ ಕೇಳಿ ಅಂದೆ.

ಈಗ ನಿದ್ದೆ ಪರವಾಗಿಲ್ಲ. ಗೇಟಿನ ಹತ್ತಿರದ ಡವಡವ ಒಮ್ಮೊಮ್ಮೆ ಇದೆ. ಕ್ಯಾಮೆರಾ ಮಾತಾಡುವುದು ನಿಂತಿದೆ, ಊಟ ಎರಡು ಗಂಟೆಗೆ ಆಗುತ್ತಿದೆ. ಭಾನುವಾರದ ರಜೆ ಸಿಕ್ಕಿದೆ, ಅದೂ ವಾರ ಬಿಟ್ಟು ವಾರ. ಸಂಬಳ ಹೆಚ್ಚಿಸುವ ಮಾತು ಯುಗಾದಿ ಆದಮೇಲೆ ನೋಡೋಣ ಅಂದಿದ್ದಾರಂತೆ. ಅದನ್ನೂ ಅದೇ ಹಾಳೆಯಲ್ಲಿ, ತಾರೀಖು ಹಾಕಿ ಬರೆಸಿಕೊಳ್ಳಿ ಅಂದಿದ್ದೇನೆ.