ಅಜ್ಟೆಕರು ಕೊರ್ಟೆಸ್‌ನನ್ನು ದೇವರೆಂದು ನಂಬಿ ಶರಣಾದರೇ?

ಇಲ್ಲ. ಮೆಕ್ಸಿಕೋದ ಅಜ್ಟೆಕ್ ಸಾಮ್ರಾಜ್ಯವನ್ನು ಗೆದ್ದ ಸ್ಪೇನಿನ ದಂಡನಾಯಕ ಕೊರ್ಟೆಸ್ ಸ್ವತಃ 1520ರಲ್ಲಿ ಸ್ಪೇನ್ ದೊರೆಗೆ ಬರೆದ ಪತ್ರದಲ್ಲಿ ಕ್ವೆಟ್ಜಾಲ್‌ಕೋಟ್ಲ್ ದೇವರ ಹೆಸರೇ ಇಲ್ಲ. ಕೊರ್ಟೆಸ್ ರೂಪದಲ್ಲಿ ಆ ಅಜ್ಟೆಕ್ ದೇವರು ಮರಳಿ ಬಂದನೆಂಬ ಕಥೆ ಬೆಳೆದದ್ದು ದಶಕಗಳ ನಂತರ, ಸೋಲಿಗೆ ಕಾರಣ ಹುಡುಕುವ ಕಾಲದಲ್ಲಿ.

ಅಜ್ಟೆಕ್ ರಾಜ ಮೊಕ್ಟೆಸುಮಾ ಅಷ್ಟು ಮುಗ್ಧನೂ ಅಲ್ಲ. 1518ರಲ್ಲೇ ಸ್ಪೇನಿನ ಗ್ರಿಹಾಲ್ವನ ಹಡಗುಗಳು ಕರಾವಳಿಗೆ ಬಂದು ಹೋಗಿದ್ದವು. ಮರುವರ್ಷ ಏಪ್ರಿಲ್‌ನಲ್ಲಿ ಕೊರ್ಟೆಸ್ ಬಂದಾಗ ಮೊಕ್ಟೆಸುಮಾನ ದೂತರು ಚಿನ್ನ, ಬೆಳ್ಳಿಯ ದೊಡ್ಡ ತಟ್ಟೆಗಳನ್ನು ಕಾಣಿಕೆ ಕೊಟ್ಟರು; ಚಿತ್ರಕಾರರು ಹಡಗು, ಕುದುರೆ, ಫಿರಂಗಿಗಳನ್ನು ಬರೆದು ರಾಜಧಾನಿಗೆ ಕಳಿಸಿದರು. ನನ್ನ ದೃಷ್ಟಿಯಲ್ಲಿ ಇದು ಭಕ್ತಿಯಲ್ಲ, ಬೇಹುಗಾರಿಕೆ. ಅಂಥ ಕಾಣಿಕೆ ಅಲ್ಲಿ ಸಿರಿವಂತಿಕೆಯ ಪ್ರದರ್ಶನವೂ ಹೌದು. ಸ್ಪೇನಿನವರಿಗೆ ಮಾತ್ರ ಅದು ಚಿನ್ನದಾಸೆ ಕೆರಳಿಸಿತು.

ಮಾತುಕತೆಯೂ ಸರಾಗವಾಗಿರಲಿಲ್ಲ. ಮಲಿಂಟ್ಸಿನ್ ಎಂಬ ಯುವತಿ, ಗುಲಾಮಳಾಗಿ ಸ್ಪೇನಿನವರ ಕೈಸೇರಿದ್ದವಳು, ಅಜ್ಟೆಕರ ನಾವಾಟ್ಲ್ ಮಾತನ್ನು ಮಾಯಾ ಭಾಷೆಗೆ ತರುತ್ತಿದ್ದಳು. ಹಡಗೊಡೆದು ಮಾಯಾ ಜನರ ನಡುವೆ ವರ್ಷಗಟ್ಟಲೆ ಬದುಕಿದ್ದ ಸ್ಪೇನಿನ ಅಗಿಲಾರ್ ಅದನ್ನು ಸ್ಪ್ಯಾನಿಷ್‌ಗೆ. ಇಷ್ಟು ಕೈ ದಾಟಿದ, ಮೊಕ್ಟೆಸುಮಾನ ರಾಜಮರ್ಯಾದೆಯ ಮಾತನ್ನು ಕೊರ್ಟೆಸ್ ಶರಣಾಗತಿ ಎಂದು ಬರೆದುಕೊಂಡ. ಅದರಿಂದ ಅವನಿಗೇ ಲಾಭ.

1519ರ ನವೆಂಬರ್ 8ರಂದು ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್‌ನ ಸೇತುದಾರಿಯಲ್ಲಿ ಕೊರ್ಟೆಸ್, ಮೊಕ್ಟೆಸುಮಾ ಇಬ್ಬರೂ ಎದುರಾದರು. ಕೊರ್ಟೆಸ್ ತಬ್ಬಿಕೊಳ್ಳಲು ಹೋದ. ರಾಜನ ಮೈ ಮುಟ್ಟಬಾರದೆಂದು ಜೊತೆಗಿದ್ದವರು ತಡೆದರು. ದೇವರೆಂದು ನಂಬಿದ್ದರೆ ಹಾಗೆ ತಡೆಯುತ್ತಿದ್ದರೇ? ಅಷ್ಟರಲ್ಲಾಗಲೇ ಅಜ್ಟೆಕರ ಹಳೆಯ ವೈರಿಗಳಾದ ಟ್ಲಾಸ್ಕಾಲದವರು ಮೊದಲು ಸ್ಪೇನಿನವರೊಡನೆ ಕಾದಾಡಿ, ಆಮೇಲೆ ಅವರ ಜೊತೆ ಸೇರಿದ್ದರು. 1521ರಲ್ಲಿ ನಗರ ಬಿದ್ದದ್ದು ಈ ಮೈತ್ರಿಯಿಂದ, ಸಿಡುಬಿನಿಂದ, ತಿಂಗಳುಗಟ್ಟಲೆಯ ಮುತ್ತಿಗೆಯಿಂದ.