ಮೂರು ಕಪ್ ಗೆದ್ದ 2016-17ರ ಸೀಸನ್ ಅಂದರೆ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಯಾಕೆ ಮುಖ ಸಿಂಡರಿಸುತ್ತಾರೆ?

ನೀವು ಕೇಳಿರುವುದು ಇಷ್ಟು: ನಾನು ಈಚೆಗೆ ಫುಟ್‌ಬಾಲ್ ನೋಡಲು ಶುರು ಮಾಡಿದವನು, 2016-17ರಲ್ಲಿ ಯುನೈಟೆಡ್ ಕಮ್ಯುನಿಟಿ ಶೀಲ್ಡ್, ಲೀಗ್ ಕಪ್, ಯುರೋಪಾ ಲೀಗ್ ಮೂರೂ ಗೆದ್ದಿದೆ, ಆದರೂ ಹಳೇ ಅಭಿಮಾನಿಗಳು "ಅಯ್ಯೋ, ಆ ಸೀಸನ್ನಾ!" ಅಂತಾರಲ್ಲ, ಯಾಕೆ?

ನಾನೂ ಹಾಗೆ ಅನ್ನುವ ಗುಂಪಿನವನೇ. ಹಾಗಾಗಿ ಗುಂಪಿನ ಪರವಾಗಿ ಉತ್ತರ ಕೊಡುತ್ತೇನೆ.

ಮೊದಲು ಆ ವರ್ಷದ ಪ್ರೀಮಿಯರ್ ಲೀಗ್ ಟೇಬಲ್ ತೆಗೆದು ನೋಡಿ. ಚೆಲ್ಸಿ ಚಾಂಪಿಯನ್, 93 ಪಾಯಿಂಟ್. ಯುನೈಟೆಡ್ ಆರನೆಯದು, 69 ಪಾಯಿಂಟ್. ಈಗ ಸೋಲಿನ ಕಾಲಂಗೆ ಬನ್ನಿ. ಚೆಲ್ಸಿ ಸೋತದ್ದು 5 ಪಂದ್ಯ. ಯುನೈಟೆಡ್ ಸೋತದ್ದೂ 5 ಪಂದ್ಯವೇ. ಹಾಗಾದರೆ ನಡುವಿನ 24 ಪಾಯಿಂಟ್ ಎಲ್ಲಿಗೆ ಹೋಯಿತು? ಚೆಲ್ಸಿ 38 ಪಂದ್ಯಗಳಲ್ಲಿ ಡ್ರಾ ಮಾಡಿಕೊಂಡದ್ದು ಬರೀ 3. ಯುನೈಟೆಡ್ 15. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಆ ಹೆಚ್ಚುವರಿ ಹನ್ನೆರಡು ಡ್ರಾಗಳಲ್ಲಿ ಎರಡೆರಡು ಪಾಯಿಂಟ್ ಕೈಬಿಟ್ಟರೆ ಲೆಕ್ಕ ಸರಿಯಾಗಿ 24ಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಗೊಣಗಾಟದ ಮುಕ್ಕಾಲು ಪಾಲು ಈ ಲೆಕ್ಕದಲ್ಲೇ ಇದೆ. ತಂಡ ಕೆಟ್ಟದಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇದು ಸೋಲುತ್ತಲೂ ಇರಲಿಲ್ಲ. 15 ಡ್ರಾಗಳಲ್ಲಿ 10 ನಮ್ಮದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲೇ ಆದವು. ಸ್ಟೋಕ್, ಬರ್ನ್ಲಿ, ಆರ್ಸೆನಲ್, ವೆಸ್ಟ್ ಹ್ಯಾಮ್, ಲಿವರ್‌ಪೂಲ್, ಹಲ್, ಬೋರ್ನ್‌ಮತ್, ವೆಸ್ಟ್ ಬ್ರಾಮ್, ಎವರ್ಟನ್, ಸ್ವಾನ್ಸಿ. ಈ ಪಟ್ಟಿ ನನಗೆ ಬಾಯಿಪಾಠ. ಆರ್ಸೆನಲ್, ಲಿವರ್‌ಪೂಲ್ ಜೊತೆ ಡ್ರಾ ಆಗಲಿ ಬಿಡಿ. ಹಲ್ ಆ ವರ್ಷ ಲೀಗ್‌ನಿಂದಲೇ ಕೆಳಗಿಳಿದ ತಂಡ. ಅದು ಬಂದು 0-0 ಮಾಡಿಕೊಂಡು ಹೋಯಿತು.

ಬರ್ನ್ಲಿ ಪಂದ್ಯದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಕ್ಟೋಬರ್ 29, 2016, ಶನಿವಾರ. ನಮ್ಮ ಟೈಮ್ ಪ್ರಕಾರ ಸಂಜೆ ಏಳೂವರೆ. ಯುನೈಟೆಡ್ ಆ ದಿನ ಗೋಲಿನ ಕಡೆ 37 ಸಲ ಚೆಂಡು ಒದ್ದಿತು. ಮೂವತ್ತೇಳು! ಒಂದೂ ಒಳಗೆ ಹೋಗಲಿಲ್ಲ. ಬರ್ನ್ಲಿಯ ಕೀಪರ್ ಟಾಮ್ ಹೀಟನ್ ಎಲ್ಲಿಂದ ಎಲ್ಲಿಗೆ ಹಾರಿದರೂ ಚೆಂಡು ಅವನ ಕೈಗೋ ಕಾಲಿಗೋ ಸಿಗುತ್ತಿತ್ತು. ಹೊಟ್ಟೆ ಉರಿಸುವ ಇನ್ನೊಂದು ವಿಷಯ ಅಂದರೆ ಆ ಹೀಟನ್ ಯುನೈಟೆಡ್ ಅಕಾಡೆಮಿಯಲ್ಲೇ ಬೆಳೆದ ಹುಡುಗ. ಮ್ಯಾನೇಜರ್ ಜೋಸೆ ಮೊರಿನ್ಯೊ ರೆಫರಿ ಜೊತೆ ಜಗಳಕ್ಕೆ ನಿಂತು ಎರಡನೇ ಅರ್ಧವನ್ನು ಪ್ರೇಕ್ಷಕರ ನಡುವೆ ಕೂತು ನೋಡಿದ. ನಮ್ಮ ಹೆರೆರಾಗೆ ರೆಡ್ ಕಾರ್ಡ್. ಕೊನೆಗೆ 0-0.

ನಮ್ಮಪ್ಪ ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡುವವರಲ್ಲ. ಆ ಚಳಿಗಾಲದಲ್ಲಿ ಊಟಕ್ಕೆ ಕರೆಯಲು ಹಾಲ್‌ಗೆ ಬಂದಾಗೆಲ್ಲ ಟಿವಿಯ ಮೂಲೆ ನೋಡಿ "ಇವತ್ತೂ ಡ್ರಾನಾ?" ಅನ್ನೋರು. ಒಂದು ದಿನ ಅಂದೇಬಿಟ್ಟರು: "ಐದು ದಿನ ಆಡಿ ಡ್ರಾ ಆದರೆ ಅದಕ್ಕೊಂದು ಅರ್ಥ ಇದೆ ಕಣೋ. ಒಂದೂವರೆ ಗಂಟೆಯಲ್ಲಿ ಡ್ರಾ ಮಾಡಿಕೊಳ್ಳೋಕೆ ಇಷ್ಟೆಲ್ಲ ಕೂಗಾಡಬೇಕಾ?" ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಇಷ್ಟೊಂದು ಬೇಜಾರಾಗಲು ಆ ಬೇಸಿಗೆಯಲ್ಲಿ ಹುಟ್ಟಿದ್ದ ಆಸೆಯೂ ಕಾರಣ. 2013ರಲ್ಲಿ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ನಿವೃತ್ತಿಯಾದ ಮೇಲೆ ಮೂರು ವರ್ಷ ಏಳನೇ, ನಾಲ್ಕನೇ, ಐದನೇ ಸ್ಥಾನ ನೋಡಿ ಸಾಕಾಗಿತ್ತು. ಮೊರಿನ್ಯೊಗಿಂತ ಮೊದಲಿದ್ದ ಮ್ಯಾನೇಜರ್ ವಾನ್ ಗಾಲ್ ಕಾಲದ ಪಕ್ಕಕ್ಕೂ ಹಿಂದಕ್ಕೂ ಪಾಸ್ ಮಾಡುವ ಆಟಕ್ಕೆ ನಿದ್ದೆ ಬರುತ್ತಿತ್ತು. ಆಗ ಬಂದದ್ದು ಮೊರಿನ್ಯೊ. ಹಿಂದೆಯೇ ಇಬ್ರಾಹಿಮೋವಿಚ್, ಮ್ಖಿತಾರ್ಯಾನ್, ಬೈಯಿ. ಮೇಲೆ 8.9 ಕೋಟಿ ಪೌಂಡ್ ಸುರಿದು ಪೊಗ್ಬಾ, ಆಗಿನ ವಿಶ್ವ ದಾಖಲೆ ಬೆಲೆ. ಆಗಸ್ಟ್‌ನಲ್ಲಿ, ಸೀಸನ್ ಶುರುವಿನ ಒಂದೇ ಪಂದ್ಯದ ಕಪ್ಪಾದ ಕಮ್ಯುನಿಟಿ ಶೀಲ್ಡ್ ಅನ್ನು ಲೆಸ್ಟರ್ ಮೇಲೆ 2-1ರಿಂದ ಗೆದ್ದಾಗ "ಈ ಸಲ ಲೀಗ್ ನಮ್ದೇ" ಅಂತ ಹೇಳದ ಯುನೈಟೆಡ್ ಅಭಿಮಾನಿಯೇ ಇರಲಿಲ್ಲ. (ಅಂದಹಾಗೆ, ಕಮ್ಯುನಿಟಿ ಶೀಲ್ಡ್ ಅನ್ನು ಕಪ್ ಅಂತ ಎಣಿಸುವುದು ನಾವು ಗೆದ್ದಾಗ ಮಾತ್ರ. ಬೇರೆಯವರು ಗೆದ್ದರೆ ಅದು ಸುಮ್ನೆ ಪ್ರಾಕ್ಟೀಸ್ ಮ್ಯಾಚ್.)

ಅಕ್ಟೋಬರ್ 23ಕ್ಕೆ ಆ ಗುಳ್ಳೆ ಒಡೆಯಿತು. ಮೊರಿನ್ಯೊ ತನ್ನ ಹಳೇ ಮನೆ ಚೆಲ್ಸಿಗೆ ಹೋದ. ಪಂದ್ಯ ಶುರುವಾಗಿ ಅರ್ಧ ನಿಮಿಷಕ್ಕೆ ಚೆಲ್ಸಿಯ ಪೆಡ್ರೊ ಗೋಲು ಹೊಡೆದ. ಕೊನೆಗೆ 4-0.

ವಿಚಿತ್ರ ಏನು ಗೊತ್ತಾ? ಅದಾದ ಮೇಲೆ ಲೀಗ್‌ನಲ್ಲಿ ಸತತ 25 ಪಂದ್ಯ ಯುನೈಟೆಡ್ ಸೋಲಲೇ ಇಲ್ಲ. ಮೇ ತಿಂಗಳಲ್ಲಿ ಆರ್ಸೆನಲ್ ಸೋಲಿಸುವ ತನಕ. ಬೇರೆ ಯಾವ ವರ್ಷವಾದರೂ ಅದನ್ನು ಹಾಡಿ ಹೊಗಳುತ್ತಿದ್ದೆವು. ಆದರೆ ತಿಂಗಳುಗಟ್ಟಲೆ ಟೇಬಲ್ ತೆಗೆದರೆ ಅದೇ ಆರನೇ ಸ್ಥಾನ. ಸೋಲದೆಯೂ ಮುಂದೆ ಹೋಗದೆ ಇರುವುದು ಹೇಗೆ ಅಂತ ಕಲಿಯಬೇಕಿದ್ದರೆ ಆ ತಂಡವನ್ನು ನೋಡಬೇಕಿತ್ತು.

ಒಳ್ಳೇ ಗಳಿಗೆಗಳಿಗೂ ಡ್ರಾ ಅಂಟಿಕೊಂಡಿತ್ತು. ಜನವರಿ 21ರಂದು ಸ್ಟೋಕ್‌ನಲ್ಲಿ ವೇಯ್ನ್ ರೂನಿ ಕ್ಲಬ್ಬಿಗಾಗಿ 250ನೇ ಗೋಲು ಹೊಡೆದು ಬಾಬಿ ಚಾರ್ಲ್ಟನ್ ದಾಖಲೆ ಮುರಿದ. ಇಂಜುರಿ ಟೈಮ್‌ನಲ್ಲಿ ಎಡಗಡೆಯಿಂದ ಫ್ರೀ ಕಿಕ್, ಚೆಂಡು ಬಳುಕಿಕೊಂಡು ಹೋಗಿ ದೂರದ ಮೂಲೆಯಲ್ಲಿ ಬಿತ್ತು. ಎಂಥಾ ಗೋಲು! ಆದರೆ ಅದರಿಂದ ಆದದ್ದೇನು? 0-1 ಇದ್ದದ್ದು 1-1 ಆಯಿತು. ರೂನಿ ಚೆಂಡು ಹೆಕ್ಕಿಕೊಂಡು ವಾಪಸ್ ಓಡಿದ, ಇನ್ನೊಂದು ಗೋಲಿಗೆ ಟೈಮ್ ಸಿಗುತ್ತೇನೋ ಅಂತ. ಸಿಗಲಿಲ್ಲ.

ಗೋಲು ಹೊಡೆಯುವವರೇ ಇರಲಿಲ್ಲ ಅನ್ನುವುದು ಮೂಲ ರೋಗ. 35 ವರ್ಷದ ಇಬ್ರಾಹಿಮೋವಿಚ್ ಲೀಗ್‌ನಲ್ಲಿ 17 ಗೋಲು ಹೊಡೆದ. ಅವನ ನಂತರ ಹುವಾನ್ ಮಾಟಾ, 6. ಮಧ್ಯೆ ಯಾರೂ ಇಲ್ಲ. ಇಡೀ ಲೀಗ್‌ನಲ್ಲಿ ತಂಡದ ಒಟ್ಟು ಗೋಲು 54. ಒಂಬತ್ತನೇ ಸ್ಥಾನದಲ್ಲಿದ್ದ ಬೋರ್ನ್‌ಮತ್ ಕೂಡ 55 ಹೊಡೆದಿತ್ತು. ಕಾವಲು ಮಾತ್ರ ಗಟ್ಟಿ. ಬಿಟ್ಟುಕೊಟ್ಟದ್ದು ಬರೀ 29.

ಇನ್ನು ಕಪ್‌ಗಳ ವಿಷಯ. ಅವನ್ನು ಕೀಳು ಮಾಡಿ ಮಾತಾಡುವುದು ನನಗಿಷ್ಟವಿಲ್ಲ, ಆದರೆ ಅವು ಬಂದ ದಾರಿ ನೋಡಿ. ಫೆಬ್ರವರಿಯ ಲೀಗ್ ಕಪ್ ಫೈನಲ್, ವೆಂಬ್ಲಿ. ಸೌತಾಂಪ್ಟನ್‌ನ ಗಾಬ್ಬಿಯಾದಿನಿ ಮೊದಲು ಹೊಡೆದ ಗೋಲನ್ನು ಆಫ್‌ಸೈಡ್ ಅಂತ ತಳ್ಳಿಹಾಕಿದರು. ಅದು ಆಫ್‌ಸೈಡ್ ಆಗಿರಲೇ ಇಲ್ಲ. ನಾವು 2-0 ಮುಂದೆ ಹೋದೆವು, ಅದೇ ಮನುಷ್ಯ ಮತ್ತೆರಡು ಹೊಡೆದು 2-2 ಮಾಡಿದ. ಕೊನೆಗೆ 87ನೇ ನಿಮಿಷದಲ್ಲಿ ಇಬ್ರಾಹಿಮೋವಿಚ್ ತಲೆ ಕೊಟ್ಟು ಗೆಲ್ಲಿಸಿದ. ಗೆದ್ದ ಖುಷಿಗಿಂತ ಬಚಾವಾದೆವು ಅನ್ನುವ ನಿಟ್ಟುಸಿರೇ ಜಾಸ್ತಿ.

ಯುರೋಪಾ ಲೀಗ್, ಅಂದರೆ ಚಾಂಪಿಯನ್ಸ್ ಲೀಗ್‌ನ ಕೆಳಗಿನ ಯುರೋಪಿನ ಎರಡನೇ ದರ್ಜೆಯ ಕಪ್, ಇನ್ನೂ ಹಾಗೆ. ಏಪ್ರಿಲ್‌ನಲ್ಲಿ ಆಂಡರ್‌ಲೆಕ್ಟ್ ವಿರುದ್ಧ ಅವರ ಊರಲ್ಲೊಂದು, ನಮ್ಮಲ್ಲೊಂದು, ಎರಡು ಪಂದ್ಯವೂ ತೊಂಬತ್ತು ನಿಮಿಷಕ್ಕೆ 1-1. ರ‍್ಯಾಷ್‌ಫರ್ಡ್ ಎಕ್ಸ್‌ಟ್ರಾ ಟೈಮ್‌ನಲ್ಲಿ ಹೊಡೆದ ಗೋಲಿನಿಂದ ಪಾರಾದೆವು. ಅದೇ ರಾತ್ರಿ ಇಬ್ರಾಹಿಮೋವಿಚ್ ಮಂಡಿ ಹೋಯಿತು. ಸೆಮಿಫೈನಲ್‌ನಲ್ಲಿ ಸೆಲ್ಟಾ ವಿಗೊ. ಎರಡನೇ ಪಂದ್ಯ ಓಲ್ಡ್ ಟ್ರಾಫರ್ಡ್‌ನಲ್ಲಿ, 1-1, ಒಟ್ಟು ಲೆಕ್ಕದಲ್ಲಿ ನಾವು ಒಂದು ಗೋಲು ಮುಂದೆ. ಆಟದ ಕೊನೇ ಕ್ಷಣದಲ್ಲಿ ಸೆಲ್ಟಾದ ಗೈಡೆಟ್ಟಿ ಗೋಲಿನ ಮುಂದೆ ಒಬ್ಬನೇ ನಿಂತಿದ್ದ, ಚೆಂಡು ಅವನ ಕಾಲ ಬಳಿಗೇ ಬಂತು. ಸರಿಯಾಗಿ ತಗುಲಿದ್ದರೆ ಆಗಿನ ಹೊರಗಿನ ಗೋಲಿನ ನಿಯಮದಲ್ಲಿ (ಒಟ್ಟು ಗೋಲು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಹೊಡೆದವರು ಮುಂದಕ್ಕೆ) ಫೈನಲ್‌ಗೆ ಹೋಗುತ್ತಿದ್ದದ್ದು ಅವರು. ತಗುಲಲಿಲ್ಲ. ಆ ಕ್ಲಿಪ್ ಈಗ ನೋಡಿದರೂ ನನ್ನ ಎದೆ ಡವಡವ ಅನ್ನುತ್ತದೆ.

ಫೈನಲ್ ಮೇ 24ರಂದು, ಸ್ಟಾಕ್‌ಹೋಮ್‌ನಲ್ಲಿ. ನಮಗೆ ನಡುರಾತ್ರಿ ಹನ್ನೆರಡೂ ಕಾಲಕ್ಕೆ ಶುರು. ಎರಡು ದಿನ ಮೊದಲಷ್ಟೇ ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಜನ ಸತ್ತಿದ್ದರು. ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದರು. ಆ ರಾತ್ರಿ ಆಟದ ಚೆಂದದ ಬಗ್ಗೆ ತಲೆ ಕೆಡಿಸಿಕೊಳ್ಳುವ ಮನಸ್ಸು ಯಾರಿಗೂ ಇರಲಿಲ್ಲ. ಎದುರಿಗೆ ಆಯಾಕ್ಸ್‌ನ ಎಳೇ ಹುಡುಗರು. ಅವರ ಡಿಫೆಂಡರ್ ಡಿ ಲಿಖ್ಟ್‌ಗೆ ಆಗ 17 ವರ್ಷ. ಚೆಂಡನ್ನು ಅವರ ಕಾಲಲ್ಲೇ ಬಿಟ್ಟು, ಉದ್ದಕ್ಕೆ ಒದ್ದು ಫೆಲ್ಲೈನಿ ತಲೆಗೆ ಕೊಡಿ ಅನ್ನುವುದು ನಮ್ಮ ಪ್ಲಾನ್. ಪೊಗ್ಬಾ ಒಂದು, ಮ್ಖಿತಾರ್ಯಾನ್ ಒಂದು, 2-0. ಕ್ಲಬ್ ಅಲ್ಲಿತನಕ ಗೆಲ್ಲದೆ ಉಳಿದಿದ್ದ ಆ ಕಪ್ ಸಿಕ್ಕಿತು. ಅದರ ಜೊತೆಗೆ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ಗೂ ಜಾಗ ಸಿಕ್ಕಿತು. ಲೀಗ್‌ನ ಆರನೇ ಸ್ಥಾನದಿಂದ ಅದು ಸಿಗುತ್ತಿರಲಿಲ್ಲ. ಕೊನೆಯ ವಾರಗಳಲ್ಲಿ ಮೊರಿನ್ಯೊ ಲೀಗ್ ಪಂದ್ಯಗಳಿಗೆ ಮುಖ್ಯ ಆಟಗಾರರನ್ನು ಕೂರಿಸಿ ಇದಕ್ಕೇ ಉಳಿಸಿಕೊಂಡದ್ದು ಸರಿಯಾದ ಲೆಕ್ಕಾಚಾರವೇ. ಅದರ ಬಗ್ಗೆ ನನಗೆ ತಕರಾರಿಲ್ಲ.

"ಮೂರು ಕಪ್ ಗೆದ್ದೂ ಅಳೋದು ಸೊಕ್ಕಲ್ವಾ?" ಅಂತ ನೀವು ಕೇಳಬಹುದು. ಸ್ವಲ್ಪ ಹೌದು. ಒಂದು ಕಪ್ಪಿಗೆ ಹದಿನೆಂಟನೇ ಸೀಸನ್ ತನಕ ಕಾದ ಆರ್‌ಸಿಬಿ ಅಭಿಮಾನಿಗೆ ಇದನ್ನು ಹೇಳಿದರೆ ಹೊಡೆಯಲು ಬರುತ್ತಾನೆ. 2025ರಲ್ಲಿ ಟಾಟನಮ್ ಲೀಗ್‌ನಲ್ಲಿ 17ನೇ ಸ್ಥಾನಕ್ಕೆ ಬಿದ್ದಿತ್ತು, 22 ಪಂದ್ಯ ಸೋತಿತ್ತು. ಆದರೆ ಇದೇ ಯುರೋಪಾ ಲೀಗ್ ಫೈನಲ್‌ನಲ್ಲಿ ನಮ್ಮನ್ನೇ 1-0ಯಿಂದ ಸೋಲಿಸಿತು. ಅವರ ಅಭಿಮಾನಿಗಳು ಕಣ್ಣೀರು ಹಾಕಿಕೊಂಡು ಕುಣಿದರು, 2008ರ ನಂತರ ಅವರಿಗದು ಮೊದಲ ಕಪ್. ಅವರಿಗೆ ಲೀಗ್ ಟೇಬಲ್ ತೋರಿಸಿ ಬೇಜಾರು ಮಾಡಿಸಲು ಸಾಧ್ಯವೇ ಇರಲಿಲ್ಲ. ಫರ್ಗುಸನ್ ಕಾಲದಲ್ಲಿ 13 ಲೀಗ್ ನೋಡಿ ಬೆಳೆದ ನಮ್ಮ ಹೊಟ್ಟೆ ಬೇರೆ ಥರದ್ದು. ನಮಗೆ ವಾರವಾರದ ಶನಿವಾರ, ಭಾನುವಾರದ ಗೆಲುವು ಬೇಕು. ಕಪ್ ಅದರ ಮೇಲೆ.

ಆ ಸೀಸನ್ನಿನಲ್ಲಿ ಯುನೈಟೆಡ್ ಒಟ್ಟು 64 ಪಂದ್ಯ ಆಡಿತು. ಕಪ್ ಎತ್ತಿದ್ದು ಮೂರು ದಿನ. ಮಿಕ್ಕ ಪಂದ್ಯಗಳನ್ನೂ ಕೂತು ನೋಡಿದವರು ನಾವೇ ತಾನೆ. ದಾಖಲೆ ಪುಸ್ತಕದಲ್ಲಿ ಆ ಮೂರು ದಿನ ಮಾತ್ರ ಇರುತ್ತದೆ, ಅದಕ್ಕೇ ನಿಮಗೆ ನಮ್ಮ ಗೊಣಗಾಟ ವಿಚಿತ್ರ ಅನ್ನಿಸಿದೆ. ಯಶಸ್ಸಿನ ಸೀಸನ್ನಾ ಅಂದರೆ ಹೌದು ಅನ್ನುತ್ತೇನೆ. ಮತ್ತೆ ನೋಡುತ್ತೀಯಾ ಅಂದರೆ ಬೇಡಪ್ಪ.

ಮುಂದಿನ ವರ್ಷದ ಕತೆ ಇನ್ನೂ ತಮಾಷೆ. 2017-18ರಲ್ಲಿ 81 ಪಾಯಿಂಟ್ ಗಳಿಸಿ ಎರಡನೇ ಸ್ಥಾನ, ಆದರೆ ಒಂದೂ ಕಪ್ ಇಲ್ಲ. ಆಗಲೂ ಗೊಣಗಿದೆವು. 2018ರ ಡಿಸೆಂಬರ್‌ನಲ್ಲಿ ಮೊರಿನ್ಯೊನನ್ನು ಕಿತ್ತುಹಾಕಿದರು. ಸ್ಟಾಕ್‌ಹೋಮ್ ನಂತರ ಮುಂದಿನ ಕಪ್ ಬಂದದ್ದು 2023ರ ಫೆಬ್ರವರಿಯಲ್ಲಿ. ಆ ನಡುವಿನ ವರ್ಷಗಳಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ 2016-17ರ ಬಗ್ಗೆ ಬೈಗುಳ ಕಮ್ಮಿಯಾಗುತ್ತಾ ಬಂತು ಅನ್ನುವುದು ಬೇರೆ ವಿಷಯ.

ನೀವು ಹೊಸಬರಲ್ವಾ, ಆ ವರ್ಷ ಹೇಗಿತ್ತು ಅಂತ ತಿಳಿಯಬೇಕಿದ್ದರೆ ಫೈನಲ್‌ಗಳಿಂದ ಶುರು ಮಾಡಬೇಡಿ. ಮೊದಲು ಬರ್ನ್ಲಿ ಪಂದ್ಯದ ಹೈಲೈಟ್ಸ್ ನೋಡಿ. ಆಮೇಲೆ ಮಾರ್ಚ್ 4ರ ಬೋರ್ನ್‌ಮತ್ ಪಂದ್ಯ. ಎದುರಾಳಿ ತಂಡದಲ್ಲಿ ಒಬ್ಬ ರೆಡ್ ಕಾರ್ಡ್ ಪಡೆದು ಹೊರಗೆ ಹೋಗಿದ್ದಾನೆ, ನಮಗೆ ಪೆನಾಲ್ಟಿ ಸಿಕ್ಕಿದೆ, ಒದೆಯಲು ಬಂದಿರುವವನು ಇಬ್ರಾಹಿಮೋವಿಚ್. ಫಲಿತಾಂಶ ಏನಾಗಿರಬಹುದು ಅಂತ ಈಗ ನೀವೇ ಊಹಿಸಬಲ್ಲಿರಿ.