ಟೈಪ್ 224 ಯಾಕೆ ಸೋತಿತು?

1931ರಲ್ಲಿ ಗಂಟೆಗೆ 650 ಕಿ.ಮೀ. ದಾಟಿದ ಎಸ್.6ಬಿ ಸೀಪ್ಲೇನ್ (ನೀರಿನ ಮೇಲಿಂದ ಹಾರುವ ವಿಮಾನ) ರೂಪಿಸಿದ ಬ್ರಿಟಿಷ್ ವಿಮಾನ ವಿನ್ಯಾಸಕ ಆರ್.ಜೆ. ಮಿಚೆಲ್, 1934ರ ಸೂಪರ್‌ಮರೀನ್ ಟೈಪ್ 224 ಫೈಟರ್‌ನಲ್ಲಿ ಯಾಕೆ ಎಡವಿದರು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮುಖ್ಯ ಕಾರಣ ಎಂಜಿನ್ ತಂಪು ಮಾಡುವ ವಿಧಾನ.

ಇದರ ರೋಲ್ಸ್ ರಾಯ್ಸ್ ಗಾಸ್‌ಹಾಕ್ ಎಂಜಿನ್‌ನ ಶಾಖವನ್ನು ನೀರು ಆವಿಯಾಗಿಸಿ ತೆಗೆಯುತ್ತಿದ್ದರು. ಆ ಆವಿ ರೆಕ್ಕೆಯ ಮುಂದಿನ ಅಂಚಿನಲ್ಲಿ ಮತ್ತೆ ನೀರಾಗಿ, ಚಕ್ರದ ಹೊದಿಕೆಯೊಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಅಲ್ಲಿಂದ ಪಂಪು ಮೇಲೆತ್ತಬೇಕು. ಆದರೆ ನೀರು ಕುದಿಯುವ ಹಂತದಲ್ಲೇ ಇರುತ್ತಿತ್ತು, ಅಲ್ವಾ? ಪಂಪು ಹೀರುವಾಗ ಒತ್ತಡ ಸ್ವಲ್ಪ ಇಳಿದರೂ ಅದು ಮತ್ತೆ ಆವಿಯಾಗುತ್ತಿತ್ತು. ಪಂಪಿಗೆ ನೀರೇ ಸಿಗುತ್ತಿರಲಿಲ್ಲ. ಪೈಲಟ್ ಮೇಲೇರುವುದನ್ನು ನಿಲ್ಲಿಸಿ ಎಂಜಿನ್ ತಣಿಯಲು ಬಿಡಬೇಕಾಗುತ್ತಿತ್ತು. ಬಾಂಬರ್‌ಗಳನ್ನು ತಡೆಯಲು ಬೇಗ ಮೇಲೇರಬೇಕಾದ ಫೈಟರ್‌ಗೆ ಇದಕ್ಕಿಂತ ದೊಡ್ಡ ತೊಂದರೆ ಏನಿದೆ?

ಜೊತೆಗೆ ದಪ್ಪ ರೆಕ್ಕೆ, ಮಡಚದ ಚಕ್ರ. ವೇಗ ಗಂಟೆಗೆ ಸುಮಾರು 367 ಕಿ.ಮೀ. ಅಷ್ಟೇ. ಕೊನೆಗೆ ಇದರ ಬದಲು ಬ್ರಿಟಿಷ್ ವಾಯುಪಡೆಗೆ ಬಂದದ್ದು ಒಂದರ ಮೇಲೊಂದು ಜೋಡಿ ರೆಕ್ಕೆಯ ಗ್ಲಾಡಿಯೇಟರ್ ಫೈಟರ್.

ಆದರೂ ಇದನ್ನು ಸುಮ್ನೆ ತಳ್ಳಿಹಾಕಬೇಡಿ. ಮಿಚೆಲ್ ಇದರ ಕೊರತೆಗಳನ್ನೇ ಹಿಡಿದು ಕೆಲಸ ಮುಂದುವರಿಸಿದರು. ತೆಳು ರೆಕ್ಕೆ, ಮಡಚುವ ಚಕ್ರ, ಮೆರ್ಲಿನ್ ಎಂಜಿನ್ ಬಂದವು. 1936ರ ಮಾರ್ಚ್ 5ರಂದು ಮಿಚೆಲ್ ಅವರ ಹೆಸರಾಂತ ಫೈಟರ್ ಸ್ಪಿಟ್‌ಫೈರ್ ಮೊದಲ ಬಾರಿ ಹಾರಿತು.